ಅಂಗವೈಕಲ್ಯ ಅಧ್ಯಯನ

ದೇಹ, ಇಂದ್ರಿಯ, ಬುದ್ಧಿಗಳ ಊನವನ್ನು ಚಿಕಿತ್ಸೆಯ ವಿಷಯವೆಂದಷ್ಟೇ ನೋಡದೆ ಸಮಾಜ, ಕಾನೂನು, ಲಿಂಗತ್ವ, ಬಡತನಗಳ ಜೊತೆಗಿಟ್ಟು ಪರಿಶೀಲಿಸುವ ಜ್ಞಾನಶಾಖೆ. ವೈದ್ಯಕೀಯ, ವಿಶೇಷ ಶಿಕ್ಷಣ, ಪುನರ್ವಸತಿ ಶಾಸ್ತ್ರಗಳಿಗೂ ಇದಕ್ಕೂ ಇರುವ ಅಂತರ ಕೇಳುವ ಪ್ರಶ್ನೆಯಲ್ಲಿದೆ. ನಡೆಯಲಾರದವರಿಗೆ ಯಾವ ಚಿಕಿತ್ಸೆ, ಯಾವ ಸಲಕರಣೆ ಎಂದು ಅವು ಕೇಳುತ್ತವೆ. ಗಾಲಿಕುರ್ಚಿಯಲ್ಲಿ ಬಂದವರು ಮೆಟ್ಟಿಲ ಬುಡದಲ್ಲೇ ಉಳಿಯುವಂಥ ಕಟ್ಟಡ ಏಕೆ ಕಟ್ಟಿದಿರಿ ಎಂದು ಇದು ಕೇಳುತ್ತದೆ.

ಈ ಪ್ರಶ್ನೆ ಹುಟ್ಟಿದ್ದು ವಿಶ್ವವಿದ್ಯಾಲಯದ ಹೊರಗೆ. ಇಂಗ್ಲೆಂಡಿನ ಆಶ್ರಯಧಾಮದ ಬದುಕನ್ನು ಉಂಡು ಬಲ್ಲ ಪಾಲ್ ಹಂಟ್ 1972ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಕಾಗದ ಬರೆದು, ತಮ್ಮಂಥವರು ಒಟ್ಟಾಗಬೇಕೆಂದು ಕರೆ ಕೊಟ್ಟರು. ಹಾಗೆ ಕೂಡಿದ ಸಂಘ 1976ರಲ್ಲಿ ಹೊರಡಿಸಿದ ಸಿದ್ಧಾಂತಪತ್ರದ ಪ್ರಕಾರ ಊನ ದೇಹದ್ದು, ವೈಕಲ್ಯ ಸಮಾಜ ಹೇರಿದ್ದು. ಓಪನ್ ಯೂನಿವರ್ಸಿಟಿ 1975ರಲ್ಲೇ ಈ ಕ್ಷೇತ್ರದ ದೂರಶಿಕ್ಷಣ ಪಠ್ಯಕ್ರಮ ತೆರೆದಿತ್ತು. ವರ್ಣಭೇದ ನೀತಿಯ ವಿರುದ್ಧ ಹೋರಾಡಿ ದಕ್ಷಿಣ ಆಫ್ರಿಕದ ಜೈಲು ಕಂಡಿದ್ದ ವಿಕ್ ಫಿಂಕೆಲ್‌ಸ್ಟೈನ್ ಅದನ್ನು ಮುಂದೆ ತಿದ್ದಿ ಬೆಳೆಸಿದವರಲ್ಲಿ ಒಬ್ಬರು. ಈ ನಿಲುವಿಗೆ ‘ಸಾಮಾಜಿಕ ಮಾದರಿ’ ಎಂಬ ಹೆಸರು ಬಳಕೆಗೆ ಬಂದದ್ದು 1983ರಲ್ಲಿ, ಮೈಕ್ ಆಲಿವರ್ ಅವರಿಂದ. ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಇರ್ವಿಂಗ್ ಝೋಲಾ ಮತ್ತು ಸಂಗಡಿಗರು 1982ರಲ್ಲಿ ವಿದ್ವಾಂಸರ ಬಳಗವೊಂದನ್ನು ಕಟ್ಟಿದರು.

ಸ್ತ್ರೀವಾದಿಗಳು ಈ ಮಾದರಿಯನ್ನು ಒಪ್ಪಿಕೊಂಡೇ ಅದರ ಕೊರತೆಯನ್ನು ಎತ್ತಿ ತೋರಿಸಿದರು. ಇಳಿಜಾರು ಕಟ್ಟಿದರೆ ಮೆಟ್ಟಿಲ ತೊಡಕು ನೀಗುತ್ತದೆ. ನೋವು, ಸುಸ್ತು ನೀಗುವುದಿಲ್ಲ. ಜೆನ್ನಿ ಮಾರಿಸ್ (1991) ಮತ್ತು ದೀರ್ಘಕಾಲದ ಕಾಯಿಲೆಯೊಂದಿಗೆ ಬದುಕುತ್ತಲೇ ಬರೆದ ತತ್ತ್ವಶಾಸ್ತ್ರಜ್ಞೆ ಸೂಸನ್ ವೆಂಡೆಲ್ (1996) ದೇಹವನ್ನು ಚರ್ಚೆಗೆ ಮರಳಿ ತಂದರು. ಅದಕ್ಕೂ ಮೊದಲು, 1988ರಲ್ಲಿ, ಮಿಶೆಲ್ ಫೈನ್ ಮತ್ತು ಏಡ್ರಿಯನ್ ಆಶ್ ಸಂಪಾದಿಸಿದ ಗ್ರಂಥ ಮಹಿಳಾ ಚಳವಳಿಯನ್ನೇ ತರಾಟೆಗೆ ತೆಗೆದುಕೊಂಡಿತ್ತು: ಹೆಂಡತಿ, ತಾಯಿ ಎಂಬ ಪಾತ್ರಗಳಿಂದ ಬಿಡುಗಡೆ ಕೇಳುತ್ತಿದ್ದ ಚಳವಳಿಗೆ, ಆ ಪಾತ್ರಗಳಿಗೂ ಲಾಯಕ್ಕಲ್ಲ ಎನಿಸಿಕೊಂಡ ಹೆಣ್ಣುಮಕ್ಕಳು ಕಣ್ಣಿಗೇ ಬಿದ್ದಿರಲಿಲ್ಲ. ಆರೋಗ್ಯದ ಪ್ರಶ್ನೆ ಬೆಸೆದುಕೊಳ್ಳುವುದು ಇಲ್ಲೇ. ಹೆರಿಗೆ ವಿಭಾಗದ ತಪಾಸಣಾ ಮೇಜು ಎಷ್ಟು ಎತ್ತರ, ನಿಂತೇ ಮಾಡಿಸಿಕೊಳ್ಳಬೇಕಾದ ಸ್ತನ ಪರೀಕ್ಷೆಯ ಯಂತ್ರದ ಮುಂದೆ ನಿಲ್ಲಲಾಗದವರು ಏನು ಮಾಡಬೇಕು, ಕಿವುಡ ಗರ್ಭಿಣಿಯ ಮಾತನ್ನು ವೈದ್ಯರಿಗೆ ತಿಳಿಸುವವರು ಅತ್ತೆಯೋ ಸಂಜ್ಞಾಭಾಷೆ ಬಲ್ಲವರೋ ಎಂಬಂಥ ಪುಟ್ಟ ಸಂಗತಿಗಳೇ ಈ ಶಾಖೆಯ ಗಟ್ಟಿ ಸಾಮಗ್ರಿ.

ಭಾರತದಲ್ಲಿ ಈ ಚರ್ಚೆ ಕಾವೇರಿದ್ದು 1994ರಲ್ಲಿ. ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ನಿಲಯದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ ಪುಣೆಯಲ್ಲಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಲಾಯಿತು. ಮುಟ್ಟಿನ ಶುಚಿತ್ವ ಅವರಿಂದಾಗದು ಎಂಬುದು ಕೊಟ್ಟ ಕಾರಣ. ಆರೈಕೆಯ ಹೊರೆ ಇಳಿಸಿಕೊಳ್ಳಲು ಅಂಗವನ್ನೇ ತೆಗೆದರು ಎಂಬುದು ಮಹಿಳಾ ಸಂಘಟನೆಗಳ ಉತ್ತರ. ಚಂಡೀಗಢದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಬುದ್ಧಿಮಾಂದ್ಯತೆಯುಳ್ಳ ಯುವತಿಯ ಗರ್ಭವನ್ನು ಅವಳ ಇಚ್ಛೆಗೆ ವಿರುದ್ಧವಾಗಿ ತೆಗೆಸುವಂತಿಲ್ಲ ಎಂದಿತು. 21 ಬಗೆಯ ವೈಕಲ್ಯಗಳನ್ನು ಗುರುತಿಸುವ 2016ರ ಕಾಯ್ದೆ, ಒಪ್ಪಿಗೆಯಿಲ್ಲದೆ ಬಂಜೆತನ ತರುವ ಚಿಕಿತ್ಸೆಯನ್ನು ನಿಷೇಧಿಸಿದೆ. ಅದೇ ಕಾಯ್ದೆ ತೀವ್ರ ವೈಕಲ್ಯದ ಸಂದರ್ಭದಲ್ಲಿ ಪೋಷಕರ ಸಮ್ಮತಿಯಿಂದ ಗರ್ಭಪಾತಕ್ಕೆ ದಾರಿ ಬಿಟ್ಟಿರುವುದು ಕಾನೂನಿನ ಇಬ್ಬಂದಿತನ.

ಈ ವಸ್ತುವಿಗೆ ಭಾರತೀಯ ಸ್ತ್ರೀವಾದದಲ್ಲಿ ನೆಲೆ ಒದಗಿಸಿದವರಲ್ಲಿ ಅನಿತಾ ಘಾಯ್ ಪ್ರಮುಖರು. ಸ್ವತಃ ಪೋಲಿಯೊ ಬಾಧಿತರಾಗಿದ್ದ ಅವರು ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅಂಗವಿಕಲ ಮಹಿಳೆಯರನ್ನು ಕುರಿತ ಅವರ ಗ್ರಂಥ 2003ರಲ್ಲಿ ಹೊರಬಂತು. 2011ರ ಜನಗಣತಿಯಲ್ಲಿ ಸಿಕ್ಕ ಸುಮಾರು 2.68 ಕೋಟಿ ಅಂಗವಿಕಲರಲ್ಲಿ ಗಂಡಸರು 1.50 ಕೋಟಿ, ಹೆಂಗಸರು 1.18 ಕೋಟಿ. ಇಂಥ ಅಂಕಿಯನ್ನು ಓದುವಾಗ ಮನೆಬಾಗಿಲಲ್ಲಿ ಉತ್ತರ ಕೊಟ್ಟವರು ಯಾರು, ಯಾರನ್ನು ಹೇಳದೆ ಬಿಟ್ಟರು ಎಂದು ಕೇಳುವುದು ಈ ಅಧ್ಯಯನದ ಮೊದಲ ಪಾಠ.

ಬೋಧನೆಯ ನೆಲೆ ಇನ್ನೂ ಕಿರಿದು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಇದು ಸಮಾಜಕಾರ್ಯದ ಭಾಗವಾಗಿ ಬೆಳೆಯಿತು. ಕರ್ನಾಟಕದ ಬಲವಿರುವುದು ಪುನರ್ವಸತಿ ವಿಜ್ಞಾನದಲ್ಲಿ: 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ಒಳ್ಳೆಯ ಉದಾಹರಣೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 5ರಷ್ಟು ಸೀಟು ಮೀಸಲಿಡಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಆ ಶೇಕಡಾವಾರನ್ನು ಅಳೆದು ಪ್ರಮಾಣಪತ್ರ ಕೊಡುವ ಅಧಿಕಾರ ಮಾತ್ರ ಇಂದಿಗೂ ವೈದ್ಯರದೇ.