ವಿಕಿರಣ ಸುರಕ್ಷತಾಧಿಕಾರಿ

ಅಯಾನೀಕಾರಕ ವಿಕಿರಣ ಬಳಸುವ ಆಸ್ಪತ್ರೆ, ಕೈಗಾರಿಕೆ, ಸಂಶೋಧನಾಲಯಗಳಲ್ಲಿ ಸಿಬ್ಬಂದಿ, ರೋಗಿಗಳು ಮತ್ತು ಸಾರ್ವಜನಿಕರ ರಕ್ಷಣೆಯ ಹೊಣೆ ಹೊತ್ತ ತಜ್ಞ. ಭಾರತದಲ್ಲಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮೋದನೆಯಿಂದ ಇವರ ನೇಮಕವಾಗುತ್ತದೆ. ಕರ್ತವ್ಯಗಳನ್ನು 2004ರ ವಿಕಿರಣ ರಕ್ಷಣಾ ನಿಯಮಗಳು ವಿವರಿಸಿವೆ. ಭೌತವಿಜ್ಞಾನ ಅಥವಾ ಎಂಜಿನಿಯರಿಂಗ್ ಓದಿದವರು ವಿಶೇಷ ತರಬೇತಿ ಪಡೆದು ಈ ವೃತ್ತಿಗೆ ಬರುತ್ತಾರೆ.

ಅಣುಸ್ಥಾವರವಿಲ್ಲದ ಕೊಡಗಿನಲ್ಲಿ ಈ ಕೆಲಸ ಮುಖ್ಯವಾಗಿ ಆಸ್ಪತ್ರೆಗಳ ಎಕ್ಸ್-ರೇ ಮತ್ತು ಸಿ.ಟಿ. ಕೊಠಡಿಗಳಿಗೆ ಸಂಬಂಧಿಸಿದ್ದು. ಗೋಡೆಯ ದಪ್ಪ, ಬಾಗಿಲಿನ ಸೀಸದ ಹೊದಿಕೆ, ಯಂತ್ರದ ಗುಣಮಟ್ಟ ಎಲ್ಲವೂ ತಪಾಸಣೆಗೆ ಒಳಪಡುತ್ತವೆ. ತಂತ್ರಜ್ಞರು ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ, ವಿಕಿರಣವನ್ನು ಅಳೆಯುವ ಟಿ.ಎಲ್.ಡಿ. ಬ್ಯಾಡ್ಜ್ ಧರಿಸುತ್ತಾರೆ. ಅದರೊಳಗಿನ ಅಲ್ಯೂಮಿನಿಯಂ ಪಟ್ಟಿಯಲ್ಲಿರುವ ಮೂರು ಪುಟ್ಟ ಬಿಲ್ಲೆಗಳು ಹೀರಿಕೊಂಡ ಶಕ್ತಿಯನ್ನು, ಕಾಯಿಸಿದಾಗ ಬೆಳಕಾಗಿ ಹೊರಸೂಸುತ್ತವೆ. ಆ ಬೆಳಕಿನ ಪ್ರಮಾಣದಿಂದ ಡೋಸ್ ತಿಳಿಯುತ್ತದೆ. ಸಿಬ್ಬಂದಿಗೆ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30, ಸಾರ್ವಜನಿಕರಿಗೆ 1. ಬ್ಯಾಡ್ಜ್ ಆಗಿಹೋದದ್ದನ್ನು ಮಾತ್ರ ಹೇಳುವುದರಿಂದ, ಮೊದಲೇ ತಡೆಯುವುದೇ ಅಧಿಕಾರಿಯ ನಿಜವಾದ ಕೆಲಸ. ಅದಕ್ಕೊಂದು ದಾರಿ ಅಂತರ ಕಾಯುವುದು: ದೂರ ಇಮ್ಮಡಿಯಾದರೆ ಬಿಂದುಮೂಲದ ವಿಕಿರಣದ ತೀವ್ರತೆ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ.

ಅಣುಸ್ಥಾವರವಿರುವ ಉತ್ತರ ಕನ್ನಡದ ಕೈಗಾದಲ್ಲಿ ಈ ವೃತ್ತಿಯ ವ್ಯಾಪ್ತಿ ಹಿರಿದು. ಅಲ್ಲಿನ ಪರಿಸರ ಸಮೀಕ್ಷಾ ಪ್ರಯೋಗಾಲಯ ಸ್ಥಾವರದ ಸುತ್ತಲಿನ ನೀರು, ಮಣ್ಣು, ಆಹಾರದ ಮಾದರಿಗಳಲ್ಲಿ ವಿಕಿರಣಶೀಲತೆಯನ್ನು ಅಳೆಯುತ್ತದೆ.