ಅಂಗಾಲಿನ ಕಪ್ಪು ಕಲೆ: ಬೆಳುವಾಯಿ ಪರಿಸರದಲ್ಲಿ ಚರ್ಮದ ಕ್ಯಾನ್ಸರಿನ ಶಂಕೆ

ಮೂಡುಬಿದಿರೆ–ಕಾರ್ಕಳ ರಸ್ತೆಯ ಬೆಳುವಾಯಿ ಅಡಿಕೆ, ಗೇರು, ಗದ್ದೆಗಳ ಊರು. ಇಲ್ಲಿ ಮೈಮೇಲೆ ಹೊಸದೊಂದು ಗಂಟು ಎದ್ದರೆ ಕ್ಯಾನ್ಸರಿರಬಹುದೇ ಎಂಬ ಹೆದರಿಕೆ ಈಗ ಸಾಮಾನ್ಯ. ಅಂಥವುಗಳಲ್ಲಿ ಬಹುಪಾಲು ನರಹುಲಿಯೋ ಕೊಬ್ಬಿನ ಗಡ್ಡೆಯೋ ಆಗಿರುತ್ತವೆ. ನಿಜವಾದ ಅಪಾಯ ಇರುವ ಜಾಗಗಳನ್ನು ಈ ಹೆದರಿಕೆ ಗಮನಿಸುವುದೇ ಇಲ್ಲ ಎಂಬುದು ಈ ಲೇಖನದ ವಾದ.

ಚರ್ಮದ ಕ್ಯಾನ್ಸರ್ ಎಂದೊಡನೆ ಬಿಸಿಲಿಗೆ ಬಿದ್ದ ಮೈ, ಅದರ ಮೇಲೊಂದು ಹಬ್ಬುವ ಮಚ್ಚೆ ನೆನಪಾಗುವುದು ಬಿಳಿ ಮೈಬಣ್ಣದವರ ವೈದ್ಯಕೀಯ ಅನುಭವದಿಂದ ಬಂದದ್ದು. ಮಚ್ಚೆಯ ಆಕಾರ, ಅಂಚು, ಬಣ್ಣ, ಅಗಲ ನೋಡಬೇಕೆಂಬ 1985ರ ನ್ಯೂಯಾರ್ಕಿನ ಸೂತ್ರವೂ ಅಲ್ಲಿಯದೇ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವ ನಮ್ಮವರಲ್ಲಿ ಈ ರೋಗ ಅಪರೂಪ. ಬಂದಾಗ, ಆ ಬಣ್ಣದ ಕೋಶಗಳ ಕ್ಯಾನ್ಸರಾದ ಮೆಲನೋಮ ಹೆಚ್ಚಾಗಿ ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಕಾಣುತ್ತದೆ. ಬರಿಗಾಲಲ್ಲಿ ತೋಟ ಸುತ್ತುವವರು ಅದನ್ನು ಆಣಿ, ಮುಳ್ಳು ಹೊಕ್ಕ ಗುರುತು, ಕಲ್ಲಿಗೆ ಎಡವಿ ಹೆಪ್ಪುಗಟ್ಟಿದ ರಕ್ತ ಎಂದುಕೊಳ್ಳುವುದು ತೀರಾ ಸಹಜ. ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಮೆಲನೋಮವನ್ನೂ ಮೊದಲು ಫುಟ್‌ಬಾಲ್ ಆಟದ ಗಾಯವೆಂದೇ ಭಾವಿಸಲಾಗಿತ್ತು. 1981ರಲ್ಲಿ ಆತ ತೀರಿಕೊಂಡಾಗ ವಯಸ್ಸು 36.

ಚರ್ಮದ ಮೇಲ್ಪದರದ ಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಕ್ಯಾನ್ಸರಿನ ದಾರಿ ಬೇರೆ. ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಅದು ಹುಟ್ಟಬಲ್ಲದು. 1828ರಲ್ಲಿ ಇಂಥ ಹುಣ್ಣುಗಳನ್ನು ವರ್ಣಿಸಿದ ಫ್ರೆಂಚ್ ಶಸ್ತ್ರವೈದ್ಯ ಮಾರ್ಜೋಲಿನ್‌ನ ಹೆಸರೇ ಅದಕ್ಕೆ ಉಳಿದಿದೆ. ಬಿಗಿಯಾಗಿ ಉಟ್ಟ ಧೋತಿ ಸೊಂಟವನ್ನು ಉಜ್ಜಿ ಉಂಟಾಗುವ ಕ್ಯಾನ್ಸರನ್ನು ಮುಂಬಯಿಯ ಡಾ. ಖಾನೋಲ್ಕರ್ 1945ರಲ್ಲಿ ದಾಖಲಿಸಿದರು. ಮುಂದೆ ಸೀರೆಯ ಲಂಗದ ಲಾಡಿಯಿಂದಲೂ ಹಾಗಾಗುವುದು ವರದಿಯಾಯಿತು. ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದದ ಹುಣ್ಣೂ ಇದೇ ಸಾಲಿಗೆ ಸೇರುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳ ಆಶ್ರಯ ತೆರೆದ ಈ ಜಿಲ್ಲೆಗೆ ಅಂಥ ಹುಣ್ಣು ಹೊಸತಲ್ಲ.

ತುಳುನಾಡಿನಲ್ಲಿ ಚರ್ಮವ್ಯಾಧಿಗೆ ನಾಗದೋಷ ಕಾರಣವೆಂಬ ನಂಬಿಕೆ ಆಳವಾದದ್ದು. ನಾಗನಿಗೆ ಆಶ್ಲೇಷಾಬಲಿ ಮಾಡಿಸಿದವರು ಆಸ್ಪತ್ರೆಗೂ ಹೋಗುವುದರಿಂದ ನನಗೆ ಅದರ ಬಗ್ಗೆ ಆತಂಕವಿಲ್ಲ. ಗಂಟಿಗೆ ಸುಣ್ಣ ಹಚ್ಚಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಿಟ್ಟು ಸುಡುವುದು ಮಾತ್ರ ನಿಜಕ್ಕೂ ಅಪಾಯಕರ. ಆ ಎಣ್ಣೆ ಚರ್ಮವನ್ನೇ ಬೇಯಿಸಿ, ಮುಂದಿನ ಪರೀಕ್ಷೆಯನ್ನೂ ಕೆಡಿಸುತ್ತದೆ. ಮೆಲನೋಮ ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ ಎಂಬುದರ ಮೇಲೆ ರೋಗಿಯ ಉಳಿವು ನಿಂತಿದೆಯೆಂದು ಅಮೆರಿಕದ ರೋಗಶಾಸ್ತ್ರಜ್ಞ ಬ್ರೆಸ್ಲೋ 1970ರಲ್ಲಿ ತೋರಿಸಿದರು. ಮೇಲ್ಪದರ ಸುಟ್ಟುಹೋದರೆ ಬಯಾಪ್ಸಿಯಲ್ಲಿ ಆ ಆಳವನ್ನು ಸರಿಯಾಗಿ ಅಳೆಯಲಾಗದು.

ಕುಷ್ಠ ಪತ್ತೆಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮೈಮೇಲಿನ ಕಲೆಗಳನ್ನು ವಿಚಾರಿಸುತ್ತಾರೆ. ಅದೇ ಭೇಟಿಯಲ್ಲಿ ಅಂಗಾಲು, ಉಗುರು, ಸೊಂಟದ ಗೆರೆ, ಹಳೆಯ ಸುಟ್ಟಗಾಯಗಳನ್ನೂ ನೋಡಿ, ತಿಂಗಳು ಕಳೆದರೂ ಮಾಯದ ಹುಣ್ಣಿದ್ದರೆ, ಕಪ್ಪು ಕಲೆ ಹಬ್ಬುತ್ತಿದ್ದರೆ ಚರ್ಮತಜ್ಞರ ಬಳಿಗೆ ಕಳುಹಿಸುವ ವ್ಯವಸ್ಥೆಯನ್ನು ಬೆಳುವಾಯಿಯಂಥ ಪಂಚಾಯಿತಿಯಿಂದಲೇ ಶುರುಮಾಡಬಹುದು.