ಐದುನೂರು ವರ್ಷ ನಿಂತ ತಾತ್ಕಾಲಿಕ ಗೋಡೆ

ಪ್ರಾಗ್ ನಗರದ ಕೋಟೆಯಲ್ಲಿರುವ ಸಂತ ವಿಟ್ ಕೆಥೆಡ್ರಲಿನ ಪಶ್ಚಿಮದ ಬಾಗಿಲಿನೆದುರು ನಿಂತು, ಕತ್ತು ನೋಯುವವರೆಗೆ ಮೇಲೆ ನೋಡಿದೆ. ಜೋಡಿ ಗೋಪುರಗಳು, ನಡುವೆ ಚಕ್ರಾಕಾರದ ಬಣ್ಣದ ಕಿಟಕಿ. ಮಧ್ಯಯುಗದ ಕಲ್ಕುಟಿಗರಿಗೆ ಮನಸ್ಸಿನಲ್ಲೇ ಕೈಮುಗಿದು ಒಳಗೆ ಹೋದೆ. ಈ ಭಾಗವೆಲ್ಲ ಪೂರ್ಣವಾದದ್ದು 1929ರಲ್ಲಿ ಎಂದು ತಿಳಿದದ್ದು ಆಮೇಲೆ. ನನ್ನ ನಮಸ್ಕಾರ ವಿಳಾಸ ತಪ್ಪಿದ ಕಾಗದದಂತಾಯಿತು. ಸುಳ್ಳೇಕೆ ಹೇಳಲಿ, ಮೋಸಹೋದೆನೆಂದೇ ಅನ್ನಿಸಿತು.

ಅಡಿಗಲ್ಲು ಬಿದ್ದದ್ದು 1344ರಲ್ಲಿ. ಪ್ರಾಗಿಗೆ ಆರ್ಚ್‌ಬಿಷಪ್ಪರ ಪೀಠ ದೊರೆತ ವರ್ಷವದು. ಆಗಿನ್ನೂ ಯುವರಾಜನಾಗಿದ್ದ ನಾಲ್ಕನೆಯ ಚಾರ್ಲ್ಸ್, ಫ್ರಾನ್ಸಿನಿಂದ ಅರಾಸ್ ಊರಿನ ಮಥಿಯಾಸನನ್ನು ಕರೆಸಿದ. ಆತ 1352ರಲ್ಲಿ ತೀರಿಕೊಂಡ. ಮುಂದೆ ಆ ಹೊಣೆ ಬಿದ್ದದ್ದು ಪೀಟರ್ ಪಾರ್ಲರ್ ಎಂಬ ತರುಣನ ಹೆಗಲಿಗೆ. ವಯಸ್ಸು ಇಪ್ಪತ್ತಮೂರೋ ಏನೋ! ಆದರೆ ಹುಡುಗ ಅಸಾಧ್ಯನಾಗಿದ್ದ. ಕಮಾನಿನ ಪಟ್ಟಿಗಳನ್ನು ಒಂದರೊಳಗೊಂದು ಹಾಯಿಸಿ, ಚಾವಣಿಯ ತುಂಬ ಕಲ್ಲಿನ ಬಲೆ ಹೆಣೆದ. ಮೇಲಿನ ಮೊಗಸಾಲೆಯಲ್ಲಿ ಇಪ್ಪತ್ತೊಂದು ಮುಖಗಳ ಶಿಲ್ಪಗಳಿವೆ. ಚಕ್ರವರ್ತಿ, ರಾಣಿಯರು, ಆರ್ಚ್‌ಬಿಷಪ್ಪರು; ಅವರದೇ ಸಾಲಿನಲ್ಲಿ ಮಥಿಯಾಸ್, ಪಾರ್ಲರ್, ಕೆಲಸದ ಮೇಲ್ವಿಚಾರಣೆ ಮಾಡಿದವರು ಕೂಡ. ಕಲ್ಲು ಕೆತ್ತುವವನ ಮುಖಕ್ಕೆ ಅರಸನ ಪಂಕ್ತಿಯಲ್ಲಿ ಸ್ಥಾನ ಕೊಟ್ಟ ಕಟ್ಟಡಗಳು ಆ ಕಾಲದಲ್ಲಿ ಎಷ್ಟಿದ್ದವು?

ಚಾರ್ಲ್ಸ್ 1378ರಲ್ಲಿ ಸತ್ತ. 1385ರ ಹೊತ್ತಿಗೆ ಪೂಜಾವೇದಿಕೆಯಿರುವ ಪೂರ್ವಭಾಗ ಮುಗಿಯಿತು. ಜನ ಸೇರುವ ಉದ್ದನೆಯ ಮಂಟಪ ಇನ್ನೂ ಆಗಬೇಕಾಗಿತ್ತು. ಅಲ್ಲಿಯವರೆಗೆ ಗಾಳಿ ಮಳೆ ತಡೆಯಲೆಂದು ಪಶ್ಚಿಮಕ್ಕೆ ಒಂದು ತಾತ್ಕಾಲಿಕ ಗೋಡೆ ಎಬ್ಬಿಸಿದರು. ಪಾರ್ಲರ್ 1399ರಲ್ಲಿ ಹೋದ. 1415ರಲ್ಲಿ ಯಾನ್ ಹುಸ್ ಎಂಬ ಧರ್ಮಸುಧಾರಕನನ್ನು ಸುಟ್ಟರು; ನಾಲ್ಕು ವರ್ಷದಲ್ಲಿ ಬೊಹೀಮಿಯಕ್ಕೇ ಬೆಂಕಿ ಬಿತ್ತು. ಹುಸೈಟ್ ಯುದ್ಧಗಳಲ್ಲಿ ಉಳಿ ಸುತ್ತಿಗೆಗಳು ಸುಮ್ಮನಾದವು.

ಗೋಡೆ ಮಾತ್ರ ನಿಂತಿತ್ತು. 1541ರ ಅಗ್ನಿಪ್ರಳಯವನ್ನು ಅದು ಕಂಡಿತು. 1619ರಲ್ಲಿ ಕ್ಯಾಲ್ವಿನ್ ಪಂಥದವರು ಒಳಗಿನ ವಿಗ್ರಹಗಳನ್ನು ಒಡೆದರು. 1673ರಲ್ಲಿ ಲಿಯೋಪೋಲ್ಡ್ ಚಕ್ರವರ್ತಿ ಮುಂದಿನ ಕೆಲಸಕ್ಕೆ ಅಡಿಗಲ್ಲಿಟ್ಟ. ಆ ಕೆಲಸವೂ ಮುಂದಕ್ಕೆ ಸಾಗಲಿಲ್ಲ. 1757ರಲ್ಲಿ ಪ್ರಷ್ಯದ ಫಿರಂಗಿಗಳು ಹೊಡೆದವು. 1836ರಲ್ಲಿ ಬೊಹೀಮಿಯದ ಕೊನೆಯ ಪಟ್ಟಾಭಿಷೇಕ ನಡೆದದ್ದೂ ಆ ಅರ್ಧ ಇಗರ್ಜಿಯಲ್ಲಿಯೇ. ಅಷ್ಟು ತಲೆಮಾರುಗಳ ಭಕ್ತರು ಅರೆಕಟ್ಟಡವನ್ನೇ ಪೂರ್ಣವೆಂದು ತಿಳಿದು ಪ್ರಾರ್ಥಿಸಿ ಹೋದರು.

ಪೂರೈಸಲೇಬೇಕೆಂದು ಒಂದು ಸಂಘ ಹುಟ್ಟಿದ್ದು 1859ರಲ್ಲಿ. ಅದು ಬರಿಯ ಭಕ್ತಿಯಲ್ಲ. ವಿಯೆನ್ನದ ಆಳ್ವಿಕೆಯಲ್ಲಿದ್ದ ಚೆಕ್ ಜನರಿಗೆ ತಮ್ಮ ಹಳೆಯ ರಾಜ್ಯದ ನೆನಪು ಬೇಕಾಗಿತ್ತು. ಕ್ರಾನರ್ ಹಳೆಯ ಭಾಗದ ದುರಸ್ತಿ ಮಾಡಿದ. ಬಳಿಕ ಮೊಕ್ಕರ್, ಅವನ ನಂತರ 1899ರಿಂದ ಹಿಲ್ಬರ್ಟ್. ಮೂವರಲ್ಲಿ ಕೆಲಸ ಮುಗಿದದ್ದನ್ನು ಕಂಡವನು ಹಿಲ್ಬರ್ಟ್ ಒಬ್ಬನೇ. ಅಷ್ಟರಲ್ಲಿ ಸಾಮ್ರಾಜ್ಯವೇ ಉರುಳಿ 1918ರಲ್ಲಿ ಚೆಕೊಸ್ಲೊವಾಕಿಯ ಹುಟ್ಟಿತ್ತು. ಸಂತ ವೆನ್ಸೆಸ್ಲಾಸ್ ಹುತಾತ್ಮನಾಗಿ ಸಾವಿರ ವರ್ಷವಾಯಿತೆಂದು 1929ರಲ್ಲಿ ಉತ್ಸವ ಮಾಡಿ ಬಾಗಿಲು ತೆರೆದರು. ಅದಕ್ಕೆ ಕೆಲವೇ ವರ್ಷ ಮೊದಲು ಆ ಗೋಡೆಯನ್ನು ಕೆಡವಿದ್ದರು.

ಇದೆಲ್ಲ ತಿಳಿದ ಮೇಲೆ ಮರುದಿನ ಮತ್ತೆ ಹೋದೆ. ಹೊಸದು ನಕಲು ಎಂಬ ನನ್ನ ತಕರಾರು ಪೂರ್ತಿ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಮೊಕ್ಕರನ ಗೆರೆಗಳು ಸ್ವಲ್ಪ ಅತಿ ನೇರ, ಪಾರ್ಲರನ ತುಂಟತನ ಅವುಗಳಲ್ಲಿಲ್ಲ. ಆದರೆ ಪಶ್ಚಿಮದ ಮುಖದಲ್ಲಿ ಒಂದನ್ನು ನಾನು ಮೊದಲ ದಿನ ಗಮನಿಸಿರಲಿಲ್ಲ. ಸಂತರೂ ಗಾಥಿಕ್ ಬಳ್ಳಿಗಳೂ ಇರುವ ಕಲ್ಲಿನಲ್ಲಿ, ಕೋಟು ತೊಟ್ಟ ಕೆಲವು ಗೃಹಸ್ಥರ ಪುಟ್ಟ ಶಿಲ್ಪಗಳಿವೆ. ಕಟ್ಟಡವನ್ನು ಮುಗಿಸಿದವರು ಅವರು. ಹಳೆಯ ವೇಷ ಹಾಕಿಕೊಳ್ಳದೆ, ತಮ್ಮ ಕಾಲದ ಉಡುಪಿನಲ್ಲೇ ನಿಂತಿದ್ದಾರೆ.

ನಾನು ಒಳಗೆ ಹೋಗಿ ಗೋಡೆ ಇದ್ದ ಜಾಗವನ್ನು ಹುಡುಕಿದೆ. ನೆಲದಲ್ಲಿ ನನ್ನ ಕಣ್ಣಿಗೆ ಏನೂ ಸಿಗಲಿಲ್ಲ. ಶಾಲೆಯ ಮಕ್ಕಳ ಒಂದು ಗುಂಪು ಗಲಾಟೆ ಮಾಡುತ್ತ ಈ ಕಡೆಯಿಂದ ಆ ಕಡೆಗೆ ದಾಟಿಹೋಯಿತು.